ಮೀನಿಗೆ ಬಾಯಾರಿಕೆ ಆಗುತ್ತಾ? ಮತ್ತು ಇತರ ಪ್ರಶ್ನೆಗಳು

ಹೋದ ತಿಂಗಳು ಈ ಅಂಕಣದಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ, ನೀರೊಳಗೆ ತೆಗೆದ ಲಯನ್ ಫಿಶ್ ಫೋಟೊ ಒಂದನ್ನು ಹಾಕಿದ್ದೆ. ಸಾಮಾನ್ಯವಾಗಿ ನನಗೆ ಬರುವ ಪತ್ರಗಳು ಯಾವ ಲೆನ್ಸ್ ತಗೊಳ್ಳಲಿ, ಮದುವೆ ಆಲ್ಬಂಗೆ ಯಾವ ಪೇಪರ್ ಒಳ್ಳೆಯದು ಅನ್ನುವಂಥವು. ಈ ಸಲ ಎಲ್ಲರೂ ನೀರಿಗೆ ಇಳಿದುಬಿಟ್ಟಿದ್ದಾರೆ. ಹಾಸನದಲ್ಲಿ ಸ್ಟುಡಿಯೊ ಇಟ್ಟುಕೊಂಡ ಮನುಷ್ಯ ಸಮುದ್ರದ ಅಡಿಗೆ ಹೋಗಿದ್ದು ಹೇಗೆ ಅಂತಲೂ ಕೆಲವರು ಕೇಳಿದ್ದಾರೆ. ನಲವತ್ತೊಂದನೇ ವಯಸ್ಸಿನಲ್ಲಿ ಮುರುಡೇಶ್ವರದ ಒಂದು ಮದುವೆಗೆ ಫೋಟೊ ತೆಗೆಯಲು ಹೋಗಿದ್ದೆ. ಬೀಗರೂಟ ಒಂದು ದಿನ ಮುಂದಕ್ಕೆ ಹೋಯಿತು. ಲಾಡ್ಜಲ್ಲಿ ಸುಮ್ನೆ ಕೂರುವ ಬದಲು ಬೋಟ್ ಹತ್ತಿದೆ. ಅಷ್ಟೇ. ಈಗ ನನಗೆ ಐವತ್ತು.

ಪ್ರಶ್ನೆ: ನನಗೆ 52 ವರ್ಷ. ಈಜು ಬರಲ್ಲ. ಮಗಳು ನೇತ್ರಾಣಿಗೆ ಹೋಗೋಣ ಬಾ ಅಂತ ಹಟ ಹಿಡಿದಿದ್ದಾಳೆ. ನೀರಿಗೆ ಇಳಿಯಬಹುದಾ, ಇಲ್ಲ ಬೋಟಲ್ಲೇ ಕೂತು ಬ್ಯಾಗ್ ಕಾಯಲಾ?
— ಈಜು ಬಾರದವಳು, ಮೂಡಿಗೆರೆ

ಬ್ಯಾಗ್ ಕಾಯಬೇಡಿ ಅಕ್ಕ. ಬ್ಯಾಗ್ ಬೋಟಿನವರು ನೋಡಿಕೊಳ್ಳುತ್ತಾರೆ.

ಡೈವಿಂಗ್‌ನಲ್ಲಿ ಎರಡು ದಾರಿ. ಒಂದು, ಮೂರ್ನಾಲ್ಕು ದಿನದ ಕೋರ್ಸ್. ಅದಕ್ಕೆ ಈಜು ಬರಲೇಬೇಕು. 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಇನ್ನೊಂದು, ಒಂದೇ ದಿನದ ಪರಿಚಯದ ಡೈವ್. ನಿಮ್ಮ ಮಗಳು ಹೇಳುತ್ತಿರುವುದು ಇದನ್ನೇ. ಇದಕ್ಕೆ ಈಜು ಕಡ್ಡಾಯ ಅಲ್ಲ. ತರಬೇತಿ ಇರುವವರೊಬ್ಬರು ಶುರುವಿನಿಂದ ಕೊನೆವರೆಗೂ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ಹೆಚ್ಚೆಂದರೆ 12 ಮೀಟರ್ ಆಳ. ಹತ್ತು ವರ್ಷದ ಮಕ್ಕಳೂ ಇಳಿಯುತ್ತಾರೆ.

ಆದರೆ ಇಳಿಯುವ ಮೊದಲು ಒಂದು ಆರೋಗ್ಯದ ಫಾರಂ ತುಂಬಿಸುತ್ತಾರೆ. ಅದರಲ್ಲಿ ಸುಳ್ಳು ಬರೆಯಬೇಡಿ. ಆಸ್ತಮಾ, ಹೃದಯದ ತೊಂದರೆ, ಬಿಪಿ, ಕಿವಿಯ ಆಪರೇಷನ್, ಏನಿದ್ದರೂ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಅವತ್ತು ನೆಗಡಿ ಇದ್ದರೆ ಮಾತ್ರ ಖಂಡಿತ ಬ್ಯಾಗ್ ಕಾಯಿರಿ. ಯಾಕೆ ಅಂದರೆ ಎಲ್ಲ ಇರುವುದು ಕಿವಿಯಲ್ಲಿ.

ನಿಮ್ಮದು ಮೂಡಿಗೆರೆ. ಚಾರ್ಮಾಡಿ ಇಳಿಯುವಾಗ ಕಿವಿ ಗುಂಯ್ ಅಂದು ಮುಚ್ಚಿಕೊಳ್ಳುತ್ತೆ, ಉಗುಳು ನುಂಗಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತೆ ಅಲ್ವಾ? ಕೊಟ್ಟಿಗೆಹಾರದಿಂದ ಕೆಳಗಿನವರೆಗೆ ಅಷ್ಟೂ ತಿರುವು ಇಳಿದಾಗ ಗಾಳಿಯ ಒತ್ತಡ ಎಷ್ಟು ಹೆಚ್ಚುತ್ತದೋ, ನೀರಲ್ಲಿ ಅಷ್ಟು ಹೆಚ್ಚಲು ಒಂದು ಮೀಟರ್ ಕೂಡ ಬೇಕಾಗಿಲ್ಲ. ಸೊಂಟದಷ್ಟು ನೀರಲ್ಲಿ ಇಡೀ ಘಾಟಿ ಮುಗಿದಿರುತ್ತದೆ. 10 ಮೀಟರಿಗೆ ಹೋದರೆ ಒತ್ತಡ ಮೇಲಿನದರ ಎರಡರಷ್ಟು. ಹಾಗಾಗಿ ಇಳಿಯುವಾಗ ಪ್ರತಿ ಅರ್ಧ ಮೀಟರಿಗೂ ಮೂಗು ಹಿಡಿದು ಮೆತ್ತಗೆ ಊದಬೇಕು. ನೋವು ಬರುವ ಮೊದಲೇ ಊದಬೇಕು. ನೋವು ಬಂದರೆ ಸ್ವಲ್ಪ ಮೇಲೆ ಬಂದು ಮತ್ತೆ ಊದಿ. ಜೋರು ಮಾಡಬೇಡಿ. ಇದನ್ನು ಇವತ್ತಿಂದಲೇ ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು, ಉಸಿರು. ಬಾಯಲ್ಲೇ ಎಳೆಯಬೇಕು, ಬಾಯಲ್ಲೇ ಬಿಡಬೇಕು, ಯಾವತ್ತೂ ಕಟ್ಟಬಾರದು. 10 ಮೀಟರ್ ಕೆಳಗೆ ಎದೆ ತುಂಬ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಅದಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಶ್ವಾಸಕೋಶಕ್ಕೆ ಪೆಟ್ಟು ಬೀಳುತ್ತದೆ.

ಮೂರನೆಯದು ನನ್ನ ಮಾನ ಹೋದ ವಿಷಯ. ಮೊದಲ ಡೈವ್‌ನಲ್ಲಿ ಕೆಳಗೆ ಹೋಗಿ ನಿಂತೆ. ಬಂಡೆ ಪಕ್ಕ ಹಳದಿ ಮೀನುಗಳ ಒಂದು ಹಿಂಡು. ನನಗೆ ಖುಷಿ ತಡೆಯಲಾಗಲಿಲ್ಲ. ಡೈವ್ ಮಾಸ್ಟರ್ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದೆ, ಸೂಪರ್ ಅಂತ. ಆತ ತಲೆಯಾಡಿಸಿ ನನ್ನನ್ನು ಮೆತ್ತಗೆ ಮೇಲಕ್ಕೆ ಕರೆದುಕೊಂಡು ಬಂದ. ನೀರಿನ ಭಾಷೆಯಲ್ಲಿ ಹೆಬ್ಬೆರಳು ಮೇಲೆ ಅಂದರೆ 'ನಾನು ಮೇಲೆ ಹೋಗಬೇಕು' ಅಂತ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಬೋಟಲ್ಲಿ ಇದನ್ನೆಲ್ಲ ಹೇಳಿಕೊಟ್ಟಿದ್ದರು. ನಾನು ಆಗ ಕ್ಯಾಮೆರಾ ಬ್ಯಾಗಿನ ಜಿಪ್ ನೋಡುತ್ತಿದ್ದೆ. ನೀವು ಹಾಗೆ ಮಾಡಬೇಡಿ.

ಮಾಸ್ಕ್ ಒಳಗೆ ನೀರು ಸೋರುವುದು ಹೆಚ್ಚಾಗಿ ನಮ್ಮಂಥ ಮೀಸೆಯವರಿಗೆ. ನಿಮಗೆ ಆ ಕಷ್ಟ ಇಲ್ಲ. ಬಿಗಿ ವೆಟ್‌ಸೂಟ್ ಹಾಕಲು ಸಂಕೋಚ ಅನ್ನಿಸಿದರೆ ಮೇಲೊಂದು ದೊಡ್ಡ ಟಿ-ಶರ್ಟ್ ಹಾಕಿಕೊಳ್ಳಿ, ಯಾರೂ ಏನೂ ಅನ್ನಲ್ಲ. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ಹೋಗುವಾಗ ಬೋಟ್ ಚೆನ್ನಾಗಿ ಅಲ್ಲಾಡುತ್ತದೆ. ಬೆಳಿಗ್ಗೆ ಎರಡು ಇಡ್ಲಿ ಸಾಕು. ವಡೆ ವಾಪಸ್ ಬಂದ ಮೇಲೆ.

ಪ್ರಶ್ನೆ: ಅಷ್ಟು ಹೊತ್ತು ಆಕ್ಸಿಜನ್ ಉಸಿರಾಡಿದರೆ ತಲೆ ತಿರುಗಲ್ಲವೇ ಸಾರ್?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಸಿಲಿಂಡರಲ್ಲಿ ಇರುವುದು ಆಕ್ಸಿಜನ್ ಅಲ್ಲಪ್ಪ. ನೀವು ಈಗ ಉಸಿರಾಡುತ್ತಿರುವ ಗಾಳಿಯೇ. ಸೋಸಿ, ಒಣಗಿಸಿ, ಒತ್ತಿ ತುಂಬಿರುತ್ತಾರೆ. ನೂರರಲ್ಲಿ 21 ಪಾಲು ಆಕ್ಸಿಜನ್, ಉಳಿದದ್ದು ಹೆಚ್ಚುಕಮ್ಮಿ ಎಲ್ಲ ನೈಟ್ರೋಜನ್. ಬರೀ ಆಕ್ಸಿಜನ್ ತುಂಬಿಕೊಂಡು 6 ಮೀಟರಿಗಿಂತ ಕೆಳಗೆ ಹೋದರೆ ಅದೇ ವಿಷವಾಗಿ ಫಿಟ್ಸ್ ಬರಬಹುದು. ಪೇಪರಿನವರೂ 'ಆಕ್ಸಿಜನ್ ಸಿಲಿಂಡರ್' ಅಂತಲೇ ಬರೆಯುತ್ತಾರೆ, ಏನು ಮಾಡೋಣ.

ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಸಿಲಿಂಡರಿನ ಹೊಟ್ಟೆ ಸುಮಾರು 11 ಲೀಟರ್. ಅದರಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದರೆ ಎರಡು ಸಾವಿರ ಲೀಟರಿಗೂ ಮೇಲೆ ಗಾಳಿ ಹಿಡಿಯುತ್ತದೆ. ಎಷ್ಟು ಹೊತ್ತು ಬರುತ್ತೆ ಅನ್ನುವುದು ಆಳದ ಮೇಲೆ, ನಿಮ್ಮ ಗಾಬರಿಯ ಮೇಲೆ. ಮೊದಲ ವರ್ಷ ನನ್ನದು ಅರ್ಧ ಗಂಟೆಗೆ ಖಾಲಿ. ಈಗ ಅದೇ ಆಳದಲ್ಲಿ ಐವತ್ತು ನಿಮಿಷ ಬರುತ್ತದೆ. ಸಿಲಿಂಡರ್ ದೊಡ್ಡದಾಗಿಲ್ಲ, ಕೈಕಾಲು ಬಡಿಯುವುದು ಕಡಿಮೆಯಾಗಿದೆ.

ಪ್ರಶ್ನೆ: ನನ್ನ ಫೋನ್ ವಾಟರ್‌ಪ್ರೂಫ್. ಅಂಡಮಾನಿಗೆ ಹೊರಟಿದ್ದೇವೆ. ಅದರಲ್ಲೇ ನೀರೊಳಗೆ ಫೋಟೊ ತೆಗೆದರೆ ಸಾಲದೇ? ಹೋದ ಸಲ ಸ್ನೇಹಿತರು ತೆಗೆದದ್ದೆಲ್ಲ ನೀಲಿ ನೀಲಿ ಬಂದಿದೆ. ಯಾಕೆ?
— ಹೊಸ ಮದುಮಗ, ಬೇಲೂರು

ಮೊದಲು ಫೋನ್. ಪೆಟ್ಟಿಗೆ ಮೇಲೆ ಐಪಿ68 ಅಂತ ಬರೆದಿರುತ್ತಾರೆ. ಆ ಪರೀಕ್ಷೆ ಮಾಡುವುದು ಸಿಹಿನೀರಲ್ಲಿ, ಅಲ್ಲಾಡದೆ ನಿಂತ ನೀರಲ್ಲಿ. ಮಳೆಯಲ್ಲಿ ನೆನೆದರೆ, ಯಗಚಿ ಹಿನ್ನೀರಲ್ಲಿ ಒಮ್ಮೆ ಬಿದ್ದರೆ ಬದುಕೀತು. ಉಪ್ಪುನೀರಲ್ಲಿ 10 ಮೀಟರ್ ಕೆಳಗೆ ಅಲ್ಲ. ಮೇಲಾಗಿ ನೀರೊಳಗೆ ಟಚ್ ಸ್ಕ್ರೀನ್ ಕೆಲಸವೇ ಮಾಡಲ್ಲ. ಫೋನಿಗೇ ಬಟನ್ ಇರುವ ಗಟ್ಟಿ ಹೌಸಿಂಗ್, ಅಂದರೆ ನೀರು ನುಗ್ಗದ ಪೆಟ್ಟಿಗೆ, ಸಿಗುತ್ತೆ. ಇಲ್ಲವಾದರೆ ಗೋಪ್ರೊ ಥರದ ಪುಟ್ಟ ಕ್ಯಾಮೆರಾ ಬಾಡಿಗೆಗೆ ತಗೊಳ್ಳಿ. ಅದು ಹಾಗೇ 10 ಮೀಟರ್ ತಡೆಯುತ್ತೆ, ಅದರ ಪೆಟ್ಟಿಗೆಯೊಳಗೆ ಹಾಕಿದರೆ ಇನ್ನೂ ಆಳಕ್ಕೆ. ಕುತ್ತಿಗೆಗೆ ನೇತುಹಾಕುವ ಪ್ಲಾಸ್ಟಿಕ್ ಚೀಲ ಮಾತ್ರ ನಂಬಬೇಡಿ. ಅದು ಬೀಚಲ್ಲಿ ಮಂಡಿಯುದ್ದ ನೀರಿಗೆ ಮಾತ್ರ.

ಈಗ ನೀಲಿ. ನಮ್ಮ ತಂದೆಯ ಕಾಲದಲ್ಲಿ ಸ್ಟುಡಿಯೊ ಹಿಂದೆ ಡಾರ್ಕ್ ರೂಮ್ ಇತ್ತು. ಎಲ್ಲ ದೀಪ ಆರಿಸಿ, ಬಾಗಿಲ ಸಂದಿಗೆ ಹಳೇ ಪಂಚೆ ತುರುಕಿ, ಒಂದು ಕೆಂಪು ಬಲ್ಬ್ ಮಾತ್ರ ಹಾಕುತ್ತಿದ್ದರು. ಕಪ್ಪು-ಬಿಳುಪು ಪೇಪರಿಗೆ ಕೆಂಪು ತಾಗುವುದಿಲ್ಲ. ಹಾಗಾಗಿ ನನ್ನ ಬಾಲ್ಯದ ಕತ್ತಲೆ ಕೆಂಪಗಿದೆ. ಸಮುದ್ರ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಮೊದಲು ಆರುವುದೇ ಕೆಂಪು. ನೀರು ಕೆಂಪು ಬೆಳಕನ್ನು ಬೇಗ ಕುಡಿದುಬಿಡುತ್ತದೆ. ಸುಮಾರು 5 ಮೀಟರಿಗೆ ಕೆಂಪು ಸತ್ತಂತೆ, 10ಕ್ಕೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ಹಸಿರು, ನೀಲಿ. ಒಮ್ಮೆ 16 ಮೀಟರಲ್ಲಿ ಬಂಡೆಯ ಚಿಪ್ಪು ತಾಗಿ ಬೆರಳು ಕೊಯ್ದುಕೊಂಡಿತು. ಹೊಗೆಯ ಹಾಗೆ ಏನೋ ಎದ್ದಿತು, ಹಸಿರು ಬಣ್ಣ. ನನ್ನದೇ ರಕ್ತ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಇಲ್ಲಿ ಜನ ಮರೆಯುವ ಒಂದು ಲೆಕ್ಕ ಇದೆ. ಬೆಳಕು ಮೇಲಿಂದ ಮೀನಿನವರೆಗೆ ಬರುವುದೊಂದೇ ಅಲ್ಲ, ಮೀನಿನಿಂದ ನಿಮ್ಮ ಲೆನ್ಸಿನವರೆಗೂ ಬರಬೇಕು. ನೀವು 3 ಮೀಟರ್ ಆಳದಲ್ಲಿದ್ದು ಮೀನು 3 ಮೀಟರ್ ದೂರದಲ್ಲಿದ್ದರೆ ಬೆಳಕು ದಾಟಿದ ನೀರು 6 ಮೀಟರ್. ಕೆಂಪು ಹೋಯಿತು. ಆದ್ದರಿಂದ ಜೂಮ್ ಮಾಡಬೇಡಿ, ಹತ್ತಿರ ಹೋಗಿ. ಸಾಕು ಅನ್ನಿಸಿದ ಮೇಲೆ ಇನ್ನೂ ಒಂದು ಮೊಳ ಹೋಗಿ. ಮೇಲಿನಿಂದ ಕೆಳಕ್ಕೆ ತೆಗೆದರೆ ಮೀನು ಬಂಡೆಯೊಳಗೆ ಕಳೆದುಹೋಗುತ್ತೆ. ಅದಕ್ಕಿಂತ ಸ್ವಲ್ಪ ಕೆಳಗಿಳಿದು ಮೇಲ್ಮುಖವಾಗಿ ತೆಗೆಯಿರಿ. ಬೆಳಿಗ್ಗೆ ಹತ್ತರಿಂದ ಎರಡು ಗಂಟೆ ಒಳಗೆ ಸೂರ್ಯ ನೆತ್ತಿ ಮೇಲಿದ್ದಾಗ ನೀರೊಳಗೆ ಬೆಳಕು ಜಾಸ್ತಿ ಇಳಿಯುತ್ತೆ. ನೀಲಿ ನೀರಲ್ಲಿ ಲೆನ್ಸ್ ಮುಂದೆ ಕೆಂಪು ಫಿಲ್ಟರ್ ಹಾಕಿದರೆ ಸ್ವಲ್ಪ ಸಹಾಯ. ಕೆಂಪು ಪೂರ್ತಿ ವಾಪಸ್ ಬೇಕು ಅಂದರೆ ದೀಪವನ್ನೇ ಒಯ್ಯಬೇಕು.

ಹೊಸ ಮದುಮಗ ಅಂದಿದ್ದೀರಿ. ಅರ್ಧ ಡೈವ್ ಆದರೂ ಕ್ಯಾಮೆರಾ ಬಿಟ್ಟು ಪಕ್ಕದಲ್ಲಿರುವವರನ್ನು ನೋಡಿ.

ಪ್ರಶ್ನೆ: ಅಣ್ಣ, ನಾನೂ ನಿಮ್ಮ ಹಾಗೆ ಮದುವೆ ಫೋಟೊಗ್ರಾಫರ್. ಪ್ರೀ-ವೆಡ್ಡಿಂಗ್ ಅಂಡರ್‌ವಾಟರ್ ಮಾಡಿಕೊಡಿ ಅಂತ ಒಂದು ಪಾರ್ಟಿ ಕೇಳುತ್ತಿದೆ. ಹುಡುಗಿಗೆ ಕೆಂಪು ರೇಷ್ಮೆ ಸೀರೆಯೇ ಬೇಕಂತೆ. ಫ್ಲ್ಯಾಶ್ ಹೊಡೆದರೆ ಚುಕ್ಕಿ ಚುಕ್ಕಿ ಬರುತ್ತೆ ಅಂತಾರೆ. ಏನು ಮಾಡಲಿ?
— ಸಹೋದ್ಯೋಗಿ, ಅರಸೀಕೆರೆ

ತಮ್ಮ, ಅಡ್ವಾನ್ಸ್ ತಗೊಂಡಿಲ್ಲ ತಾನೇ?

ಸಮುದ್ರ ಬೇಡ. ಸೀರೆ ಉಟ್ಟ ಹುಡುಗಿಯನ್ನು ಸಮುದ್ರದಲ್ಲಿ ಇಳಿಸುವುದು ಜೀವದ ಜೊತೆ ಆಟ. ಐದೂವರೆ ಮೀಟರ್ ಬಟ್ಟೆ ನೀರು ಕುಡಿದು ಕಾಲಿಗೆ ಸುತ್ತಿಕೊಳ್ಳುತ್ತದೆ. ಸ್ವಚ್ಛವಾದ ಈಜುಕೊಳ ಹಿಡಿ. ಒಂದೂವರೆ ಮೀಟರ್ ಆಳ, ಕಾಲು ಊರಿದರೆ ನೆಲ ಸಿಗಬೇಕು. ಹುಡುಗ, ಹುಡುಗಿ ಒಬ್ಬೊಬ್ಬರ ಪಕ್ಕ ಈಜು ಬಲ್ಲವರು ಒಬ್ಬೊಬ್ಬರು ನಿಂತಿರಬೇಕು, ಫ್ರೇಮಿನಿಂದ ಆಚೆ. ಕೊಳದಲ್ಲಿ ಇನ್ನೊಂದು ಲಾಭ, ಕೆಂಪು ಕೆಂಪಾಗಿಯೇ ಉಳಿಯುತ್ತೆ. ಅದೇ ಸೀರೆ ಸಮುದ್ರದಲ್ಲಿ 10 ಮೀಟರ್ ಕೆಳಗೆ ಕೆಸರು ಬಣ್ಣ. ಹುಡುಗಿಯ ಅಮ್ಮ ನಿನ್ನನ್ನು ಬಿಡಲ್ಲ.

ಚುಕ್ಕಿ ವಿಷಯ. ರಾತ್ರಿ ಶಿರಾಡಿಯಲ್ಲಿ ಮಂಜು ಬಿದ್ದಾಗ ಹೈಬೀಮ್ ಹಾಕಿದ್ದೀಯಾ? ಮುಂದೆ ಬಿಳಿ ಗೋಡೆ. ರಸ್ತೆ ಕಾಣಲ್ಲ, ಮಂಜೇ ಕಾಣುತ್ತೆ. ನೀರೊಳಗೆ ಮಂಜಿನ ಬದಲು ಧೂಳು, ಮರಳು, ಸಣ್ಣ ಜೀವಿಗಳು ತೇಲುತ್ತಿರುತ್ತವೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಅವನ್ನೆಲ್ಲ ಬೆಳಗಿಸಿ ವಾಪಸ್ ಲೆನ್ಸಿಗೆ ಹೊಡೆಯುತ್ತೆ. ಅದಕ್ಕೇ ನೀರಿನ ಫ್ಲ್ಯಾಶನ್ನು, ನಾವು ಸ್ಟ್ರೋಬ್ ಅನ್ನುತ್ತೇವೆ, ಎರಡು ತೋಳಿನ ಮೇಲೆ ಎಡಕ್ಕೂ ಬಲಕ್ಕೂ ದೂರ ಚಾಚಿ, ಮುಖ ಸ್ವಲ್ಪ ಹೊರಕ್ಕೆ ತಿರುಗಿಸಿ ಇಡುವುದು. ಬೆಳಕಿನ ಅಂಚು ಮಾತ್ರ ವಸ್ತುವಿಗೆ ತಾಗಬೇಕು. ನಡುವಿನ ನೀರು ಕತ್ತಲಾಗಿ ಉಳಿದರೆ ಚುಕ್ಕಿ ಇಲ್ಲ. ಏಡಿಯ ಕೊಂಬಿನ ಹಾಗೆ ಕಾಣುತ್ತೇವೆ, ಕಾಣಲಿ.

ಈಗಿನ ನಮ್ಮ ಕಷ್ಟ ಏನೂ ಅಲ್ಲ ಬಿಡು. 1893ರಲ್ಲಿ ಫ್ರಾನ್ಸಿನ ಬಾನ್ಯೂಲ್ಸ್‌ನಲ್ಲಿ ಲೂಯಿ ಬೂತಾನ್ ಅನ್ನುವ ಜೀವಶಾಸ್ತ್ರಜ್ಞ ಕ್ಯಾಮೆರಾವನ್ನು ಪೆಟ್ಟಿಗೆಯೊಳಗೆ ಹಾಕಿ ಸಮುದ್ರಕ್ಕೆ ಇಳಿದ. ಪೆಟ್ಟಿಗೆ ಮಾಡಲು ಅಣ್ಣತಮ್ಮಂದಿರು ಸೇರಿ ತಲೆ ಕೆಡಿಸಿಕೊಂಡಿದ್ದರು. ಬೆಳಕಿಗೆ ಆಕ್ಸಿಜನ್ ತುಂಬಿದ ಪೀಪಾಯಿ, ಅದರ ಮೇಲೆ ಸ್ಪಿರಿಟ್ ದೀಪ, ಆ ಉರಿಗೆ ಮೆಗ್ನೀಸಿಯಂ ಪುಡಿ ಊದುವ ರಬ್ಬರ್ ಬುಡ್ಡೆ. 1926ರಲ್ಲಿ ಅಮೆರಿಕದ ಫ್ಲಾರಿಡಾ ಕಡೆ ಲಾಂಗ್ಲಿ ಮತ್ತು ಮಾರ್ಟಿನ್ ಅನ್ನುವ ಇಬ್ಬರು ನೀರೊಳಗಿನ ಮೊದಲ ಬಣ್ಣದ ಫೋಟೊ ತೆಗೆದರು. ಮೇಲೆ ತೆಪ್ಪದಲ್ಲಿ ಮೆಗ್ನೀಸಿಯಂ ಪುಡಿಗೆ ಬೆಂಕಿ ಕೊಟ್ಟು ಆ ಬೆಳಕಲ್ಲಿ ಒಂದು ಮೀನು. ನಾವು ಬ್ಯಾಟರಿ ಮುಗಿಯಿತು ಅಂತ ಗೊಣಗುತ್ತೇವೆ.

ಕ್ಯಾಮೆರಾ ಪೆಟ್ಟಿಗೆ ಬಗ್ಗೆ ಒಂದು ಮಾತು, ಇದು ನನಗೆ ದುಬಾರಿ ಪಾಠ. ಹೌಸಿಂಗ್ ಮುಚ್ಚಳದ ಸುತ್ತ ಒಂದು ರಬ್ಬರ್ ಬಳೆ ಇರುತ್ತೆ, ಓ-ರಿಂಗ್. ನೀರಿಗೂ ನಿನ್ನ ಕ್ಯಾಮೆರಾಗೂ ಮಧ್ಯೆ ಇರುವುದು ಅದೊಂದೇ. ಹಿಂದಿನ ರಾತ್ರಿ ಲಾಡ್ಜಿನ ಟ್ಯೂಬ್‌ಲೈಟಲ್ಲಿ ಆತುರವಾಗಿ ಮುಚ್ಚಿದೆ. ಬೆಳಿಗ್ಗೆ ನೀರಿಗೆ ಇಳಿದು ಎರಡು ಮೀಟರ್ ಹೋಗಿರಲಿಲ್ಲ, ಮುಚ್ಚಳದ ಮೂಲೆಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೊಂದು. ಮೇಲೆ ಬಂದು ನೋಡಿದರೆ ಪೆಟ್ಟಿಗೆಯೊಳಗೆ ಒಂದು ಚಮಚ ನೀರು ಆ ಕಡೆ ಈ ಕಡೆ ಉರುಳಾಡುತ್ತಿದೆ. ಒಂದು ಚಮಚ ಉಪ್ಪುನೀರು ಸಾಕು. ಕ್ಯಾಮೆರಾ ಹೋಯಿತು, ಲೆನ್ಸೂ ಹೋಯಿತು. ಓ-ರಿಂಗ್ ಬಿಚ್ಚಿ ನೋಡಿದರೆ ಒಂದು ಕೂದಲು ಅಡ್ಡ ಬಿದ್ದಿತ್ತು. ನನ್ನದೇ ತಲೆಯದು. ಆಗ ಇತ್ತು.

ಅಂದಿನಿಂದ ಹೀಗೆ ಮಾಡುತ್ತೇನೆ. ಊಟಕ್ಕೆ ಮೊದಲು, ಫ್ಯಾನ್ ಆರಿಸಿ, ಬಿಳಿ ಟವೆಲ್ ಹಾಸಿ ಕೂರುತ್ತೇನೆ. ಓ-ರಿಂಗ್ ತೆಗೆದು ಬೆರಳಲ್ಲಿ ಪೂರ್ತಿ ಒಂದು ಸುತ್ತು ಸವರುತ್ತೇನೆ. ಮರಳಿನ ಒಂದು ಕಣ ಇದ್ದರೂ ಬೆರಳಿಗೆ ಗೊತ್ತಾಗುತ್ತೆ, ಕಣ್ಣಿಗೆ ಕಾಣಲ್ಲ. ಸಿಲಿಕೋನ್ ಗ್ರೀಸ್ ಹೊಳಪು ಬರುವಷ್ಟು ಮಾತ್ರ. ಜಾಸ್ತಿ ಹಚ್ಚಿದರೆ ಅದಕ್ಕೇ ಕಸ ಅಂಟುತ್ತೆ. ಆಮೇಲೆ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಪೇಪರ್ ಹಾಕಿ ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸುತ್ತೇನೆ. ಪೇಪರ್ ಒಣಗಿದ್ದರೆ ಊಟ. ಡೈವ್ ಆದ ಮೇಲೆ ಮುಚ್ಚಳ ತೆಗೆಯದೆ ಸಿಹಿನೀರಲ್ಲಿ ನೆನೆಹಾಕಿ ಪ್ರತಿ ಬಟನ್ ಒತ್ತಿ ಒತ್ತಿ ಉಪ್ಪು ಬಿಡಿಸಬೇಕು. ಉಪ್ಪು ಒಳಗೇ ಒಣಗಿದರೆ ಬಟನ್ ಕಚ್ಚಿಕೊಳ್ಳುತ್ತೆ.

ರೇಟ್ ಮಾತಾಡುವಾಗ ಇದನ್ನೆಲ್ಲ ಸೇರಿಸಿ ಮಾತಾಡು.

ಪ್ರಶ್ನೆ: ನಮ್ಮ ಶೆಟ್ಟಿಹಳ್ಳಿ ಚರ್ಚ್ ಮಳೆಗಾಲದಲ್ಲಿ ಮುಳುಗುತ್ತದೆ. ಡೈವ್ ಮಾಡಿ ಅದನ್ನು ನೀರೊಳಗಿನಿಂದ ತೆಗೆದರೆ ಅದ್ಭುತ ಫೋಟೊ ಆಗಲ್ಲವೇ?
— ಸಾಹಸಿ, ಗೊರೂರು

ಆಗಲ್ಲ. ನಾನೂ ಈ ಕನಸು ಕಂಡವನೇ, ಅದಕ್ಕೆ ಖಚಿತವಾಗಿ ಹೇಳುತ್ತಿದ್ದೇನೆ.

ಹೇಮಾವತಿ ತುಂಬುವ ಹೊತ್ತಿಗೆ ಆ ನೀರು ಹಾಲು ಹಾಕದ ಡಿಕಾಕ್ಷನ್. ಕೈ ಚಾಚಿದರೆ ಬೆರಳು ಕಾಣಲ್ಲ, ಇನ್ನು ಕಮಾನು ಎಲ್ಲಿಂದ ಕಾಣಬೇಕು? ಒಳಗೆ ಹೂಳು. ಕಾಲು ಒಮ್ಮೆ ಬಡಿದರೆ ಇರುವ ಚೂರು ಬೆಳಕೂ ಹೋಗುತ್ತೆ. ಮರದ ಬೊಡ್ಡೆಗಳಿವೆ, ಮೀನಿನ ಬಲೆಗಳಿವೆ. ಗೋಡೆಗಳು 1860ರ ದಶಕದವು, ವರ್ಷ ವರ್ಷ ನೆನೆದು ಒಣಗಿ ಸಡಿಲವಾಗಿವೆ. ಯಾವ ಕಲ್ಲು ಯಾವಾಗ ಬೀಳುತ್ತೆ ಹೇಳಲಾಗದು. ಇನ್ನೊಂದು, ಗೊರೂರು ಜಲಾಶಯದ ಗರಿಷ್ಠ ಮಟ್ಟ 2,922 ಅಡಿ ಅಂತ ಪೇಪರಲ್ಲಿ ದಿನಾ ಓದುತ್ತೇವಲ್ಲ, ಅಂದರೆ ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಮೇಲೆ. 300 ಮೀಟರ್ ದಾಟಿದ ಎತ್ತರದ ನೀರಿಗೆ ಡೈವಿಂಗ್ ಲೆಕ್ಕವೇ ಬೇರೆ, ತರಬೇತಿಯೂ ಬೇರೆ. ಅನುಮತಿಯ ಮಾತು ಎತ್ತುವ ಅಗತ್ಯವೇ ಇಲ್ಲ.

ಸೆಪ್ಟೆಂಬರಲ್ಲಿ ಬೆಳಿಗ್ಗೆ ಆರೂವರೆಗೆ ದಡದಲ್ಲಿ ನಿಲ್ಲಿ. ಅರ್ಧ ಗೋಡೆ ನೀರ ಮೇಲೆ, ಇನ್ನರ್ಧ ನೆರಳಾಗಿ ಕೆಳಗೆ. ಗಾಳಿ ಏಳುವ ಮೊದಲು ಇಪ್ಪತ್ತು ನಿಮಿಷ ಸಿಗುತ್ತೆ. ಬೂಟು ಸಹ ನೆನೆಯಲ್ಲ.

ಪ್ರಶ್ನೆ: ಶನಿವಾರ ರಾತ್ರಿ ಚಿಕ್ಕಮಗಳೂರಿನಿಂದ ಹೊರಟು, ಭಾನುವಾರ ಎರಡು ಡೈವ್ ಮಾಡಿ, ಅವತ್ತೇ ಸಂಜೆ ವಾಪಸ್ ಹೊರಟರೆ ಸೋಮವಾರ ಆಫೀಸಿಗೆ ಬರಬಹುದು. ಪ್ಲಾನ್ ಹೇಗಿದೆ?
— ನಾಲ್ವರು ಗೆಳೆಯರು, ಚಿಕ್ಕಮಗಳೂರು

ಪ್ಲಾನ್ ಸರಿ ಇಲ್ಲ. ಈ ತಿಂಗಳ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯ ಇದು, ಘಟ್ಟದ ಮೇಲಿನ ನಮ್ಮಂಥವರಿಗೆ ಮಾತ್ರ ಬರುವ ತೊಂದರೆ.

ಕೆಳಗೆ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ರಕ್ತಕ್ಕೆ, ಮಾಂಸಕ್ಕೆ ಸೇರಿಕೊಳ್ಳುತ್ತೆ. ಗೋಲಿ ಸೋಡಾದಲ್ಲಿ ಗ್ಯಾಸ್ ಅಡಗಿ ಕೂತಿರುವ ಹಾಗೆ. ಮೆತ್ತಗೆ ಮೇಲೆ ಬಂದರೆ ಅದು ಉಸಿರಿನ ದಾರಿಯಲ್ಲೇ ಹೊರಗೆ ಹೋಗುತ್ತೆ. ಅದಕ್ಕೇ ಮೇಲೆ ಬರುವಾಗ 5 ಮೀಟರಲ್ಲಿ ಮೂರು ನಿಮಿಷ ನಿಲ್ಲಿಸುವುದು. ಆದರೂ ಸ್ವಲ್ಪ ಒಳಗೇ ಉಳಿದಿರುತ್ತೆ, ಪೂರ್ತಿ ಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಗಾಳಿ ತೆಳುವಾದ ಎತ್ತರಕ್ಕೆ ಹೋದರೆ ಗೋಲಿ ಒತ್ತಿದ ಹಾಗೇ. ಗುಳ್ಳೆ ಏಳುತ್ತೆ. ಕೀಲು ನೋವು, ಜುಮ್ಮೆನ್ನುವುದು, ಚರ್ಮದ ಮೇಲೆ ಕಲೆ, ವಿಪರೀತ ಸುಸ್ತು, ಕೆಟ್ಟದ್ದಾದರೆ ಲಕ್ವ.

ವಿಮಾನ ಹತ್ತಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಡೈವ್ ಮಾಡುವವರ ಸುರಕ್ಷತೆ ನೋಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರ ಸಲಹೆ ಪ್ರಕಾರ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು. ಆದರೆ ಆ ಸಲಹೆ ಶುರುವಾಗುವುದು 2,000 ಅಡಿಯಿಂದ, ಅಂದರೆ ಸುಮಾರು 600 ಮೀಟರ್. ಚಿಕ್ಕಮಗಳೂರು ಇರುವುದು ಸುಮಾರು 1,090 ಮೀಟರಲ್ಲಿ. ನಮ್ಮ ಹಾಸನವೂ 900ಕ್ಕಿಂತ ಮೇಲೆ. ನಮಗೆ ಮನೆಗೆ ಹೋಗುವುದೂ ವಿಮಾನ ಹತ್ತಿದ ಲೆಕ್ಕವೇ! ಬೆಂಗಳೂರಿನಿಂದ ಬರುವ ಹುಡುಗರೂ ಇದನ್ನು ಯೋಚಿಸಲ್ಲ. ಸೋಮವಾರ ಸಂಜೆ ಮುಳ್ಳಯ್ಯನಗಿರಿಗೆ ಹೋಗುವ ಯೋಚನೆ ಇದ್ದರೆ ಅದು 1,930 ಮೀಟರ್.

ಮೊದಲ ವರ್ಷ ನಾನೂ ಹೀಗೇ ಮಾಡಿದ್ದೆ. ಡೈವ್ ಮುಗಿಸಿ ಅವತ್ತೇ ಸಂಜೆ ಶಿರಾಡಿ ಹತ್ತುವಾಗ ಬಲ ಭುಜ ಸೆಳೆಯತೊಡಗಿತು. ಸಿಲಿಂಡರ್ ಹೊತ್ತಿದ್ದಕ್ಕೆ ಅಂದುಕೊಂಡು ಮನೆಯಲ್ಲಿ ನೋವಿನೆಣ್ಣೆ ಹಚ್ಚಿಸಿಕೊಂಡು ಮಲಗಿದೆ. ಎರಡು ದಿನಕ್ಕೆ ಹೋಯಿತು. ಅದು ಯಾವ ನೋವು ಅಂತ ಇವತ್ತಿಗೂ ಗೊತ್ತಿಲ್ಲ. ಈಗಾಗಿದ್ದರೆ ಎಣ್ಣೆ ಹುಡುಕುತ್ತಿರಲಿಲ್ಲ, ಆಕ್ಸಿಜನ್ ಕೊಡುವ ಆಸ್ಪತ್ರೆಗೆ ಓಡುತ್ತಿದ್ದೆ.

ಸೋಮವಾರ ರಜೆ ಹಾಕಿ. ಭಾನುವಾರ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮೀನೂಟ ಮಾಡಿ. ಮಾರನೇ ದಿನ ನಿಧಾನಕ್ಕೆ ತಿಂಡಿ ಮುಗಿಸಿ ಹೊರಡಿ.

ಪ್ರಶ್ನೆ: ಮನೆಯ ಅಕ್ವೇರಿಯಂಗೆ ಒಂದೆರಡು ಹವಳದ ತುಂಡು ತರಬಹುದೇ? ಸತ್ತದ್ದಾದರೆ?
— ಮೀನು ಪ್ರೇಮಿ, ಚನ್ನರಾಯಪಟ್ಟಣ

ಬೇಡ. ಹವಳ ಕಲ್ಲಲ್ಲ, ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿಗೆ ಇರುವ ಪಟ್ಟಿಯಲ್ಲೇ ಹವಳವೂ ಇದೆ. ಸತ್ತದ್ದು ಅಂತ ಹೇಳಿದರೆ ಹುಲಿ ಚರ್ಮಕ್ಕೆ ಬಿಡುತ್ತಾರಾ? ಅಷ್ಟೇ.

ಪ್ರಶ್ನೆ: ಇಷ್ಟೆಲ್ಲ ದುಡ್ಡು, ಇಷ್ಟೆಲ್ಲ ಭಯ, ಇಷ್ಟೆಲ್ಲ ಲೆಕ್ಕ. ಟಿವಿಯಲ್ಲಿ ಕೂತು ನೋಡಿದರೆ ಆಗಲ್ವಾ? ಅಂಥದ್ದೇನಿದೆ ಅಲ್ಲಿ?
— ತೆಂಗು ಬೆಳೆಗಾರ, ಕಡೂರು

ಆಗುತ್ತೆ ಯಜಮಾನರೇ. ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತೆ, ನನ್ನ ಫೋಟೊಗಿಂತ ಚೆನ್ನಾಗಿ.

ಆದರೆ ಟಿವಿ ಮುಂದೆ ಕೂತರೆ ಮಂಡಿ ನೋವು ಹೋಗಲ್ಲ. ಮೂವತ್ತು ವರ್ಷ ಮಂಟಪದ ಮುಂದೆ ನಿಂತು, ಬಗ್ಗಿ, ಎದ್ದು ನನ್ನ ಎರಡೂ ಮಂಡಿ ಸವೆದಿವೆ. ನೀರೊಳಗೆ ಹೋಗಿ ತೂಕ ಸರಿದೂಗಿಸಿಕೊಂಡರೆ ಮಂಡಿಯೇ ಇಲ್ಲದ ಹಾಗೆ. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬೀಳಲ್ಲ. ಉಸಿರು ಎಳೆದರೆ ಇಡೀ ಮೈ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಇದು ಕೈಗೆ ಬರಲು ನನಗೆ ಇಪ್ಪತ್ತು ಡೈವ್ ಹಿಡಿಯಿತು. ಅಲ್ಲಿಯವರೆಗೆ ಕ್ಯಾಮೆರಾ ಮುಟ್ಟಬೇಡ ಅಂದಿದ್ದರು ಕಲಿಸಿದವರು. ನಾನು ಕೇಳಲಿಲ್ಲ. ಆ ಕಾಲದ ನನ್ನ ಫೋಟೊಗಳಲ್ಲಿ ಬರೀ ಮೀನಿನ ಬಾಲಗಳಿವೆ. ಒದ್ದಾಡುವವನ ಹತ್ತಿರ ಯಾವ ಮೀನು ನಿಲ್ಲುತ್ತೆ?

ಕಳೆದ ಫೆಬ್ರವರಿಯಲ್ಲಿ ಕಂಡದ್ದು ಹೇಳುತ್ತೇನೆ. ಸುಮಾರು 14 ಮೀಟರ್. ಒಂದು ಬಂಡೆಯ ಮೂಲೆ. ಅಲ್ಲಿ ಬೆರಳುದ್ದದ ಎರಡು ಮೀನು, ಮೈಯುದ್ದಕ್ಕೂ ಕಪ್ಪು ಪಟ್ಟೆ, ಅಂಚಿಗೆ ನೀಲಿ. ಕ್ಲೀನರ್ ರಾಸ್ ಅಂತ ಹೆಸರು. ಬೇರೆ ಮೀನುಗಳ ಮೈಯ ಹುಳ, ಸತ್ತ ಚರ್ಮ ಕಿತ್ತು ತಿನ್ನುವುದೇ ಕಸುಬು. ಭಾನುವಾರದ ಕಟಿಂಗ್ ಶಾಪ್ ನೆನಪಾಯಿತು. ಗಿರಾಕಿಗಳು ಸುತ್ತ ಕಾಯುತ್ತಿವೆ. ಒಂದು ದೊಡ್ಡ ಗ್ರೂಪರ್ ಬಂತು, ಕರಾವಳಿಯವರು ಮುರು ಮೀನು ಅನ್ನುತ್ತಾರೆ, ನನ್ನ ತೊಡೆಯಷ್ಟು ದಪ್ಪ. ಬೇರೆ ಹೊತ್ತಲ್ಲಿ ಈ ಚಿಕ್ಕದನ್ನು ಒಂದೇ ಗುಕ್ಕಿಗೆ ನುಂಗುವ ಪ್ರಾಣಿ. ಅದು ಸುಮ್ಮನೆ ನಿಂತು ಬಾಯಿ ಅಗಲ ತೆರೆಯಿತು. ಚಿಕ್ಕದು ಬಾಯೊಳಗೆ ಹೋಗಿ, ಹಲ್ಲಿನ ಸಂದಿ ಕೆದಕಿ, ಕಿವಿರಿನ ಬಾಗಿಲಿಂದ ಹೊರಗೆ ಬಂತು. ಮತ್ತೆ ಒಳಗೆ ಹೋಯಿತು. ಸಾಕಾದಾಗ ಗ್ರೂಪರ್ ಬಾಯಿಯನ್ನು ಚೂರೇ ಚೂರು ಮುಚ್ಚಿ ತೆರೆಯಿತು. ಅದು ಸೂಚನೆ. ಚಿಕ್ಕದು ತಕ್ಷಣ ಹೊರಗೆ.

ನಾನು ಒಂದು ಮಾರು ದೂರದಲ್ಲಿ ಉಸಿರಾಡುತ್ತಾ ತೇಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆ ಚಿಕ್ಕದು ನನ್ನ ಕಡೆಗೂ ಬಂತು. ಗ್ಲೌಸ್ ಹಾಕಿರಲಿಲ್ಲ. ನನ್ನ ಎಡಗೈ ಹೆಬ್ಬೆರಳ ಉಗುರಿನ ಪಕ್ಕದ ಸಿಪ್ಪೆಯನ್ನು ಚುಕ್ ಅಂತ ಕಿತ್ತುಕೊಂಡು ಹೋಯಿತು. ನನ್ನನ್ನೂ ಗಿರಾಕಿ ಅಂತ ಒಪ್ಪಿಕೊಂಡಿತ್ತು.

ಅಕ್ಟೋಬರಿಂದ ಮೇ ತನಕ ಹೋಗಬಹುದು, ಮಳೆಗಾಲದಲ್ಲಿ ಬೋಟ್ ಬಿಡಲ್ಲ. ನೀರು ತಿಳಿಯಾಗಿರುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಒಂದು ದಿನ ಹದಿನೈದು ಮೀಟರ್ ಕಾಣುತ್ತೆ, ಮರುದಿನ ಐದು. ತೆಂಗಿನ ರೇಟ್ ಹಾಗೆ.

ಪ್ರಶ್ನೆ: ಅಂಕಲ್, ಮೀನಿಗೆ ಬಾಯಾರಿಕೆ ಆಗುತ್ತಾ? ಅದು ನೀರು ಕುಡಿಯುತ್ತಾ?
— 4ನೇ ತರಗತಿ, ಸಕಲೇಶಪುರ

ಪುಟ್ಟಾ, ಇದಕ್ಕೆ ಎರಡು ಉತ್ತರ. ನಿಮ್ಮೂರ ಹೇಮಾವತಿಯ ಮೀನು ನೀರು ಕುಡಿಯಲ್ಲ ಅಂತಲೇ ಹೇಳಬಹುದು. ನೇತ್ರಾಣಿಯ ಮೀನು ದಿನಾ ಕುಡಿಯುತ್ತೆ.

ಅಮ್ಮ ಉಪ್ಪಿನಕಾಯಿಗೆ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಹೋಳು ನೀರು ಬಿಡುತ್ತೆ ಅಲ್ವಾ? ಸಮುದ್ರದ ನೀರು ಮೀನಿನ ಮೈಗಿಂತ ಉಪ್ಪು. ಹಾಗಾಗಿ ಮೀನಿನ ಮೈಯಿಂದ ನೀರು ಹೊರಗೆ ಹೋಗುತ್ತಲೇ ಇರುತ್ತೆ. ಅದನ್ನು ತುಂಬಿಕೊಳ್ಳಲು ಕುಡಿಯಲೇಬೇಕು. ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಆಚೆ ಹಾಕುತ್ತೆ. ಹೊಳೆಯಲ್ಲಿ ಉಲ್ಟಾ. ಅಲ್ಲಿ ನೀರೇ ಮೀನಿನ ಮೈಯೊಳಗೆ ನುಗ್ಗುತ್ತೆ. ಅದು ಕುಡಿಯುವುದು ಬಿಟ್ಟು ಬರೀ ಉಚ್ಚೆ ಹೊಯ್ಯುತ್ತಿರುತ್ತೆ.

ಬಾಯಾರಿಕೆ ಆಗುತ್ತಾ ಅಂತ ಮೀನನ್ನೇ ಕೇಳಬೇಕು. ನನಗಂತೂ ಆಗುತ್ತೆ. ಸಿಲಿಂಡರಿನ ಗಾಳಿ ಒಣಗಾಳಿ. ಸುತ್ತ ಎಲ್ಲಿ ನೋಡಿದರೂ ನೀರು, ನನ್ನ ಗಂಟಲು ಮಾತ್ರ ಒಣಗಿರುತ್ತೆ. ಬೋಟ್ ಏಣಿ ಹತ್ತಿ ಮಾಸ್ಕ್ ತೆಗೆದ ಕೂಡಲೇ ನಾನು ಕೇಳೋದು ಕ್ಯಾಮೆರಾ ಅಲ್ಲ, ನೀರಿನ ಬಾಟಲಿ.